ಒಂದೇ ಕೀಲಿಗೆ ಸ್ತಬ್ಧವಾಗುವ ಕೀಬೋರ್ಡ್: 8259 ಜೊತೆ ನನ್ನ ಅನುಭವ

ಸ್ವಂತ ಕರ್ನಲ್‌ನಲ್ಲಿ ಇಂಟರಪ್ಟ್ ಚಾಲೂ ಮಾಡಿದ ತಕ್ಷಣ ಮೆಷಿನ್ ರೀಸೆಟ್ ಆದರೆ ನಾನು ಮೊದಲು ನೋಡುವುದು 8259 ಅನ್ನು, ಅಂದರೆ ಸಾಧನಗಳ ಇಂಟರಪ್ಟ್‌ಗಳನ್ನು (ಗಮನ ಕೇಳುವ ಸಂಕೇತಗಳನ್ನು) ಪ್ರೊಸೆಸರ್‌ಗೆ ತಲುಪಿಸುವ ಚಿಪ್ಪನ್ನು. ಪಿಸಿ ಎಟಿಯಿಂದ ಈಚೆಗೆ ಇವು ಎರಡಿರುತ್ತವೆ; ಎರಡನೆಯದು ಮೊದಲನೆಯದರ ಐಆರ್‌ಕ್ಯೂ 2ಕ್ಕೆ (ಇಂಟರಪ್ಟ್ ಲೈನ್ 2ಕ್ಕೆ) ಸೇರಿರುತ್ತದೆ. ಬಯಾಸ್ ಮೊದಲ ಚಿಪ್ಪಿನ ಎಂಟು ಲೈನುಗಳನ್ನು ವೆಕ್ಟರ್ (ಯಾವ ಹ್ಯಾಂಡ್ಲರ್ ಓಡಬೇಕೆಂದು ಹೇಳುವ ಸಂಖ್ಯೆ) 8ರಿಂದ 15ರವರೆಗೆ ಕೂರಿಸಿರುತ್ತದೆ. ಪ್ರೊಟೆಕ್ಟೆಡ್ ಮೋಡ್‌ನಲ್ಲಿ 8 ಅಂದರೆ ಡಬಲ್ ಫಾಲ್ಟ್: ಒಂದು ದೋಷ ನಿಭಾಯಿಸುವಾಗಲೇ ಬರುವ ಇನ್ನೊಂದು ದೋಷ. ಹಾಗಾಗಿ ಟೈಮರ್ ಒಮ್ಮೆ ಬಡಿದರೂ ಡಬಲ್ ಫಾಲ್ಟ್ ಹ್ಯಾಂಡ್ಲರ್ ಓಡುತ್ತದೆ. ಅದು ಸ್ಟ್ಯಾಕ್‌ನಲ್ಲಿ ಎರರ್ ಕೋಡ್ ಹುಡುಕುತ್ತದೆ, ಆದರೆ ಟೈಮರ್ ಇಂಟರಪ್ಟ್ ಅದನ್ನು ಹಾಕಿರುವುದೇ ಇಲ್ಲ.

ಪರಿಹಾರ, ಲೈನುಗಳನ್ನು ಬೇರೆ ವೆಕ್ಟರ್‌ಗಳಿಗೆ ಸರಿಸುವುದು. ಇನ್ನು ಮುಂದಿನ ಪೋರ್ಟ್, ಬೆಲೆಗಳೆಲ್ಲ ಹೆಕ್ಸ್‌ನಲ್ಲಿವೆ. ಮೊದಲ ಚಿಪ್ಪಿನ ಪೋರ್ಟ್‌ಗಳು 20 ಮತ್ತು 21, ಎರಡನೆಯದರವು ಎ0 ಮತ್ತು ಎ1. ಪೋರ್ಟ್ 20 ಮತ್ತು ಎ0 ಎರಡಕ್ಕೂ 11 ಬರೆಯಿರಿ. ಆಮೇಲೆ 21ಕ್ಕೆ 20, ಎ1ಕ್ಕೆ 28: ಇವು ಹೊಸ ವೆಕ್ಟರ್‌ಗಳು. ನಂತರ 21ಕ್ಕೆ 04, ಎ1ಕ್ಕೆ 02. ಇಲ್ಲೇ ಹೆಚ್ಚು ಜನ ಎಡವುತ್ತಾರೆ: ಮೊದಲ ಚಿಪ್ಪಿಗೆ ಕೊಡುವುದು ಬಿಟ್ ಮಾಸ್ಕ್ (2ನೇ ಬಿಟ್ ಮಾತ್ರ 1), ಎರಡನೆಯದಕ್ಕೆ ಬರೀ ಸಂಖ್ಯೆ. ಕೊನೆಗೆ 21, ಎ1 ಎರಡಕ್ಕೂ 01. ಪ್ರತಿ ಬರಹದ ನಡುವೆ ಪೋರ್ಟ್ 80ಕ್ಕೆ ಸೊನ್ನೆ ಬರೆದು ಚಿಪ್ಪಿಗೆ ಸ್ವಲ್ಪ ಬಿಡುವು ಕೊಡುತ್ತೇನೆ. ಆರಂಭದಲ್ಲಿ 21ಕ್ಕೆ ಎಫ್‌ಡಿ, ಎ1ಕ್ಕೆ ಎಫ್‌ಎಫ್ ಹಾಕಿ ಕೀಬೋರ್ಡ್ (ಐಆರ್‌ಕ್ಯೂ 1) ಒಂದನ್ನೇ ತೆರೆಯುವುದು ಕ್ಷೇಮ; ಇಲ್ಲಿ ಬಿಟ್ 1 ಆದರೆ ಲೈನ್ ಮುಚ್ಚಿರುತ್ತದೆ, 0 ಆದರೆ ತೆರೆದಿರುತ್ತದೆ. ಎರಡನೇ ಚಿಪ್ಪಿನ ಯಾವುದೇ ಲೈನ್ ಬೇಕಾದರೆ ಮೊದಲನೆಯದರ 2ನೇ ಬಿಟ್ಟನ್ನೂ ತೆರೆಯಲೇಬೇಕು.

ಹ್ಯಾಂಡ್ಲರ್ ಮಾಡಬೇಕಾದ ಕೆಲಸ ಎರಡು: ಪೋರ್ಟ್ 60ರಿಂದ ಬೈಟ್ ಓದುವುದು, ಪೋರ್ಟ್ 20ಕ್ಕೆ 20 ಬರೆದು ಇಒಐ (ಇಂಟರಪ್ಟ್ ಮುಗಿಯಿತು ಎಂಬ ಸೂಚನೆ) ಕೊಡುವುದು. ಯಾವುದನ್ನು ಬಿಟ್ಟರೂ ಲಕ್ಷಣ ಒಂದೇ: ಎ ಕೀಲಿ ಒತ್ತಿದಾಗಿನ ಇಂಟರಪ್ಟ್ ಬರುತ್ತದೆ, ಬಿಟ್ಟಾಗ ಬರಬೇಕಾದ ಕೋಡ್ 9ಇ ಬರುವುದಿಲ್ಲ. ಆಗ ಹ್ಯಾಂಡ್ಲರ್‌ನ ಹೊರಗಿಂದ ಪೋರ್ಟ್ 20ಕ್ಕೆ 0ಬಿ (ಯಾವ ಲೈನಿನ ಇಂಟರಪ್ಟ್ ಇನ್ನೂ ಮುಗಿದಿಲ್ಲ ಎಂದು ಕೇಳುವ ಆದೇಶ) ಬರೆದು ಅದೇ ಪೋರ್ಟ್ ಓದುತ್ತೇನೆ. 02 ಬಂದರೆ ಇಒಐ ತಪ್ಪಿದೆ. 00 ಬಂದರೆ ಪೋರ್ಟ್ 60ರ ಬೈಟ್ ಓದದೆ ಉಳಿದಿದೆ. ಟೈಮರ್ ತೆರೆದಿದ್ದರೆ ಇಒಐ ತಪ್ಪಿದರೂ ಅದು ಬಡಿಯುತ್ತಲೇ ಇರುತ್ತದೆ, ಏಕೆಂದರೆ ಐಆರ್‌ಕ್ಯೂ 0 ಕೀಬೋರ್ಡಿಗಿಂತ ಮೇಲಿನದು. ಟೈಮರ್ ಓಡುತ್ತಿದೆ ಎಂದು ಇಒಐ ಸರಿಯಿದೆ ಅಂದುಕೊಳ್ಳಬೇಡಿ.

ಆರ್‌ಟಿಸಿ (ಗಡಿಯಾರದ ಚಿಪ್, ಐಆರ್‌ಕ್ಯೂ 8) ಕೂಡ ಹೀಗೇ: ಅದರ ರಿಜಿಸ್ಟರ್ ಸಿ ಓದದಿದ್ದರೆ ಎರಡನೇ ಇಂಟರಪ್ಟ್ ಇಲ್ಲ, ಇಒಐ ಎರಡೂ ಚಿಪ್ಪಿಗೆ ಕೊಡಬೇಕು. ಐಆರ್‌ಕ್ಯೂ 7 ಬಂದಾಗ ಮಾತ್ರ 0ಬಿ ಓದಿನಲ್ಲಿ 7ನೇ ಬಿಟ್ ನೋಡಿ. ಅದು ಸೊನ್ನೆಯಾದರೆ ಹುಸಿ ಇಂಟರಪ್ಟ್, ಇಒಐ ಕೊಡಬಾರದು. ಐಆರ್‌ಕ್ಯೂ 15ಕ್ಕೆ ಇದೇ ಪರೀಕ್ಷೆ ಪೋರ್ಟ್ ಎ0ಯಲ್ಲಿ; ಹುಸಿಯಾದರೂ ಮೊದಲ ಚಿಪ್ಪಿಗೆ ಇಒಐ ಕೊಡಲೇಬೇಕು.