ಎಫ್‌ಎ ಕಪ್ ಪಂದ್ಯಕ್ಕೆ ಬೇರೆ ಊರಿಗೆ ಹೋಗುವವರಿಗೆ

ಇಂಗ್ಲೆಂಡಿಗೆ ಬಂದ ನಮ್ಮವರು ಫುಟ್‌ಬಾಲ್ ಅಂದ ಕೂಡಲೇ ಹುಡುಕುವುದು ಆರ್ಸೆನಲ್ ಅಥವಾ ಲಿವರ್‌ಪೂಲ್ ಟಿಕೆಟ್. ಮೆಂಬರ್‌ಶಿಪ್ ಕಟ್ಟುತ್ತಾರೆ, ಬ್ಯಾಲಟ್‌ಗೆ (ಟಿಕೆಟ್ ಲಾಟರಿಗೆ) ಹೆಸರು ಕೊಡುತ್ತಾರೆ, ಸಿಗದೆ ಬೇಜಾರಾಗಿ ಕೊನೆಗೆ ಟಿವಿ ಮುಂದೆ ಕೂರುತ್ತಾರೆ. ಸುಮ್ನೆ ನೀವಿರುವ ಊರಿನ ಕ್ಲಬ್ ಹಿಡಿಯಿರಿ. ರೆಡಿಂಗ್, ಮಿಲ್ಟನ್ ಕೀನ್ಸ್, ಸ್ವಿಂಡನ್, ಎಲ್ಲ ಕಡೆಯೂ ಕ್ಲಬ್ ಇದೆ. ಅದು ಕಪ್ ಪಂದ್ಯಕ್ಕೆ ಬೇರೆ ಊರಿಗೆ ಹೊರಟಾಗ ನೀವೂ ಹೊರಡಿ.

ಎಫ್‌ಎ ಕಪ್ ಅಂದರೆ ಇಂಗ್ಲೆಂಡಿನ ಸಣ್ಣ ದೊಡ್ಡ ಕ್ಲಬ್‌ಗಳು ಒಟ್ಟಿಗೆ ಆಡುವ, ಸೋತವರು ಹೊರಬೀಳುವ ಟೂರ್ನಿ. ಅದಕ್ಕೆ ಎಲ್ಲರೂ ಒಂದೇ ಸಲ ಬರುವುದಿಲ್ಲ. ಸಣ್ಣ ಕ್ಲಬ್‌ಗಳು ಆಗಸ್ಟ್‌ನಲ್ಲೇ ಅರ್ಹತಾ ಸುತ್ತು ಆಡಲು ಶುರು ಮಾಡುತ್ತವೆ. ಮೂರನೇ, ನಾಲ್ಕನೇ ಹಂತದ ಲೀಗ್ ಒನ್ ಮತ್ತು ಲೀಗ್ ಟು ಕ್ಲಬ್‌ಗಳು ನವೆಂಬರ್‌ನ ಮೊದಲ ಸುತ್ತಿಗೆ ಬರುತ್ತವೆ, ಎಲ್ಲಕ್ಕಿಂತ ಮೇಲಿನ ಹಂತದ ಪ್ರೀಮಿಯರ್ ಲೀಗ್‌ನವರು ಜನವರಿಯ ಮೂರನೇ ಸುತ್ತಿಗೆ. ಯಾರ ಮೇಲೆ ಯಾರು ಅನ್ನುವುದು ಚೀಟಿ ಎತ್ತಿದ ಹಾಗೆ, ಮೊದಲು ಹೆಸರು ಬಂದವರ ಊರಿನಲ್ಲಿ ಪಂದ್ಯ.

ಈಗ ಟಿಕೆಟ್. ಜಾಸ್ತಿ ಜನ ಎಡವುವುದು ಇಲ್ಲೇ. ಪಂದ್ಯ ನಡೆಯುವ ಊರಿನ ಕ್ಲಬ್ ವೆಬ್‌ಸೈಟಿಗೆ ಹೋಗಿ ಟಿಕೆಟ್ ತೆಗೆದರೆ ನೀವು ಹೋಮ್ ಜನರ, ಅಂದರೆ ಆ ಊರಿನ ತಂಡದ ಬೆಂಬಲಿಗರ ನಡುವೆ ಕೂರುತ್ತೀರಿ. ಅವೇ (away, ಅಂದರೆ ಹೊರಗಿನಿಂದ ಬಂದ ತಂಡದ ಕಡೆಯವರ) ಟಿಕೆಟ್ ಮಾರುವುದು ನಿಮ್ಮದೇ ಕ್ಲಬ್. ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಜೆರ್ಸಿ ಪಕ್ಕದಲ್ಲೇ ಚೆನ್ನೈನ ಹಳದಿ ಜೆರ್ಸಿ ಕೂರುತ್ತದೆ, ಯಾರೂ ಏನೂ ಅನ್ನುವುದಿಲ್ಲ ಅಲ್ವಾ? ಇಲ್ಲಿ ಹಾಗಿಲ್ಲ. ಗೇಟು ಬೇರೆ, ತಿಂಡಿ ಕೌಂಟರ್ ಬೇರೆ, ಟಾಯ್ಲೆಟ್ ಕೂಡ ಬೇರೆ. ಹೋಮ್ ಕಡೆ ಕೂತು ಅವೇ ತಂಡದ ಸ್ಕಾರ್ಫ್ ಹಾಕಿದರೆ, ಅಥವಾ ಗೋಲಿಗೆ ಎದ್ದು ಕುಣಿದರೆ, ಸ್ಟೂವರ್ಡ್‌ಗಳು (ಗ್ರೌಂಡಿನಲ್ಲಿ ಜನರನ್ನು ನೋಡಿಕೊಳ್ಳುವ ಸಿಬ್ಬಂದಿ) ಹೊರಗೆ ಕಳಿಸುತ್ತಾರೆ. ಅದು ನಿಮ್ಮ ಒಳ್ಳೆಯದಕ್ಕೇ.

ಲೀಗ್ ಪಂದ್ಯಕ್ಕಿಂತ ಕಪ್‌ನಲ್ಲಿ ಅವೇ ಜನಕ್ಕೆ ಜಾಗ ಜಾಸ್ತಿ, ಕ್ರೀಡಾಂಗಣದ 15% ತನಕ ಕೇಳಬಹುದು. 2024ರ ಜನವರಿಯಲ್ಲಿ ಆರನೇ ಹಂತದ ಮೇಡ್‌ಸ್ಟೋನ್ ಯುನೈಟೆಡ್, ಎರಡನೇ ಹಂತದ ಐಪ್ಸ್‌ವಿಚ್ ಮೇಲೆ ಆಡಲು ಹೋದಾಗ ಜೊತೆಗೆ 4,000ಕ್ಕೂ ಜಾಸ್ತಿ ಜನ ಹೋದರು. ಅಷ್ಟು ಸಣ್ಣ ಕ್ಲಬ್ಬಿಗೆ! 2-1ರಿಂದ ಗೆದ್ದೂ ಬಂದರು. ಸೀಸನ್ ಟಿಕೆಟ್ ಇದ್ದರೂ ಕಪ್ ಪಂದ್ಯಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡು ಕೊಡಬೇಕು, ಆದರೆ ಗೇಟಿನ ಹಣವನ್ನು (ಟಿಕೆಟ್ ಮಾರಿ ಬಂದದ್ದನ್ನು) ಎರಡೂ ಕ್ಲಬ್ ಹಂಚಿಕೊಳ್ಳುವುದರಿಂದ ನೀವು ಕೊಟ್ಟಿದ್ದರಲ್ಲಿ ಒಂದು ಪಾಲು ನಿಮ್ಮ ಕ್ಲಬ್ಬಿಗೇ ಬರುತ್ತದೆ.

ಹೋಗುವುದಕ್ಕೆ ಸಪೋರ್ಟರ್ಸ್ ಕೋಚ್, ಅಂದರೆ ಬೆಂಬಲಿಗರಿಗಾಗಿ ಬಿಡುವ ಬಸ್ಸು, ಆರಾಮ. ಊರಿನಿಂದ ಹತ್ತಿಸಿಕೊಂಡು ಗ್ರೌಂಡ್ ಹತ್ತಿರ ಇಳಿಸಿ, ಪಂದ್ಯ ಎಷ್ಟು ಹೊತ್ತಿಗೆ ಮುಗಿದರೂ ಕಾದು ವಾಪಸ್ ತರುತ್ತಾರೆ. ಈ ಕಾಯುವುದು ಈಗ ಸಣ್ಣ ವಿಷಯ ಅಲ್ಲ. ಮೊದಲಾದರೆ ಡ್ರಾ ಆದರೆ ಇನ್ನೊಂದು ದಿನ ಮರುಪಂದ್ಯ ಇರುತ್ತಿತ್ತು, 2024-25ರಿಂದ ಮೊದಲ ಸುತ್ತೂ ಸೇರಿ ಮುಂದಿನ ಎಲ್ಲ ಸುತ್ತುಗಳಲ್ಲಿ ಅದನ್ನು ತೆಗೆದುಹಾಕಿದ್ದಾರೆ, ಅಂದರೆ ಅಂದೇ ಅರ್ಧ ಗಂಟೆ ಎಕ್ಸ್‌ಟ್ರಾ ಟೈಮ್, ಆಮೇಲೂ ಸಮ ಇದ್ದರೆ ಪೆನಾಲ್ಟಿ. ಹಾಗಾದರೆ ರಾತ್ರಿ 7.45ಕ್ಕೆ ಶುರುವಾದ ಪಂದ್ಯ ಹತ್ತೂವರೆ ದಾಟಬಹುದು. ಸಣ್ಣ ಊರಿನಿಂದ ಆ ಹೊತ್ತಿಗೆ ಕೊನೆಯ ರೈಲು ಹೋಗಿಯೇ ಬಿಟ್ಟಿರಬಹುದು. ರೈಲಿನಲ್ಲೇ ಹೋಗುವುದಾದರೆ ಟಿವಿಯವರು ಪಂದ್ಯದ ದಿನ ಬದಲಿಸುವುದಿಲ್ಲ ಅಂತ ಖಾತ್ರಿಯಾದ ಮೇಲೆ ಅಡ್ವಾನ್ಸ್ ಟಿಕೆಟ್ (ಗೊತ್ತಾದ ಒಂದೇ ರೈಲಿಗೆ ನಡೆಯುವಂಥದ್ದು) ತೆಗೆಯಿರಿ. ಭಾನುವಾರ ಆದರೆ ಹಳಿ ರಿಪೇರಿ ಇದೆಯಾ ಅಂತಲೂ ನೋಡಿ.

ಕುಡಿಯುವವರಿಗೆ ಒಂದು ಮಾತು. 1985ರ ಕಾನೂನಿನ ಪ್ರಕಾರ ಇಂಥ ಪಂದ್ಯಗಳಿಗೆ ಜನರನ್ನು ಕರೆದೊಯ್ಯುವ ಕೋಚ್‌ನಲ್ಲಿ ಮದ್ಯ ಒಯ್ಯುವಂತಿಲ್ಲ, ಮೈದಾನ ಕಾಣುವ ಜಾಗದಲ್ಲಿ ಕುಡಿಯುವಂತಿಲ್ಲ. ಆರನೇ, ಏಳನೇ ಹಂತದ ಕ್ಲಬ್ಬಿನಲ್ಲಿ ಮಾಮೂಲಿ ಲೀಗ್ ಪಂದ್ಯದ ದಿನ ಬಿಯರ್ ಹಿಡಿದು ಆಟ ನೋಡಬಹುದು, ಅದೇ ಗ್ರೌಂಡಿನಲ್ಲಿ ಎಫ್‌ಎ ಕಪ್ ಮೊದಲ ಸುತ್ತು ನಡೆದರೆ ಆಗುವುದಿಲ್ಲ.

ತಿನ್ನುವುದು? ಸಸ್ಯಾಹಾರಿಗಳು ಹೊಟ್ಟೆ ತುಂಬಿಸಿಕೊಂಡೇ ಒಳಗೆ ಹೋಗಿ. ಚಳಿಗೆ ಬಿಸಿಬಿಸಿ ಬೋವ್ರಿಲ್ ಕುಡಿ ಅಂತ ಪಕ್ಕದವರು ಪ್ರೀತಿಯಿಂದ ಹೇಳುತ್ತಾರೆ, ಅದು ದನದ ಮಾಂಸದ ಸಾರ. ಫಾರೆಸ್ಟ್ ಗ್ರೀನ್ ರೋವರ್ಸ್ ಗ್ರೌಂಡಿಗೆ ಹೋಗುವ ಅದೃಷ್ಟ ಬಂದರೆ ಚಿಂತೆ ಇಲ್ಲ, ಅಲ್ಲಿ ಎಲ್ಲವೂ ವೀಗನ್. ದಪ್ಪ ಕಾಲುಚೀಲ ಮರೆಯಬೇಡಿ, ಸಣ್ಣ ಗ್ರೌಂಡ್‌ಗಳಲ್ಲಿ ಅವೇ ಜನಕ್ಕೆ ಕುರ್ಚಿ ಇರುವುದಿಲ್ಲ, ಕಾಂಕ್ರೀಟ್ ಮೆಟ್ಟಿಲ ಮೇಲೆ ಎರಡು ಗಂಟೆ ನಿಲ್ಲಬೇಕು. ದೊಡ್ಡ ಬ್ಯಾಗ್ ಬೇಡ.

ವೀಸಾದ ಮೇಲೆ ಇರುವವರು ಇದನ್ನು ಗಮನಿಸಿ. ಗೆದ್ದ ಖುಷಿಗೆ ಮೈದಾನಕ್ಕೆ ನುಗ್ಗುವುದು ಇಲ್ಲಿ ಅಪರಾಧ. ಪಕ್ಕದ ನೂರು ಜನ ನುಗ್ಗಿದರೂ ನೀವು ನಿಂತಲ್ಲೇ ಇರಿ. ಬ್ಯಾನಿಂಗ್ ಆರ್ಡರ್ (ಪಂದ್ಯಗಳಿಗೆ ಹೋಗದಂತೆ ಕೋರ್ಟಿನ ನಿಷೇಧ) ಬಿದ್ದರೆ ಕಡಿಮೆ ಅಂದರೂ 3 ವರ್ಷ, ಮೇಲೆ ಶಿಕ್ಷೆಯಾದರೆ ಮುಂದಿನ ವೀಸಾ ಅರ್ಜಿಯಲ್ಲಿ ಅದನ್ನು ಬರೆಯಬೇಕಾಗುತ್ತದೆ. ಉಳಿದ ಟಿಕೆಟ್ಟನ್ನು ವಾಟ್ಸಾಪ್ ಗ್ರೂಪಿನಲ್ಲಿ ಮಾರುವುದೂ ಬೇಡ, ಕ್ಲಬ್ಬಿನ ಒಪ್ಪಿಗೆ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮಾರಾಟಕ್ಕೆ 1994ರ ಕಾನೂನು ಅಡ್ಡ ಇದೆ.

ಟಿಕೆಟ್ ಯಾವಾಗಲೂ ನಿಮ್ಮದೇ ಅಕೌಂಟಿನಲ್ಲಿ ತೆಗೆಯಿರಿ, ಗೆಳೆಯರ ಅಕೌಂಟಿನಲ್ಲಿ ಅಲ್ಲ. ನಿಮ್ಮ ಕ್ಲಬ್ ಗೆಲ್ಲುತ್ತಾ ಹೋಗಿ ಮೂರನೇ ಸುತ್ತಿನಲ್ಲಿ ದೊಡ್ಡ ಕ್ಲಬ್ ಸಿಕ್ಕಿತು ಅಂದುಕೊಳ್ಳಿ, ಆಗ ಊರಿಗೆ ಊರೇ ಟಿಕೆಟ್ ಕೇಳುತ್ತದೆ, ಹಿಂದೆ ಟಿಕೆಟ್ ಕೊಂಡ ದಾಖಲೆ ಇದ್ದವರಿಗೆ ಸಾಮಾನ್ಯವಾಗಿ ಮೊದಲು ಕೊಡುತ್ತಾರೆ.