ಪರಿಮಳವಿಲ್ಲದ ಎಣ್ಣೆಯೇ ನನ್ನ ಇಸುಬಿಗೆ ಒಗ್ಗಿತು

ಇಸುಬು ಇರುವವರಿಗೆ ರಾತ್ರಿಯ ಹೊತ್ತು ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಗಲೆಲ್ಲ ಸುಮ್ಮನಿದ್ದ ಮೊಣಕೈ ಮಡಿಕೆ ಹಾಸಿಗೆಯ ಬಿಸಿ ತಾಗಿದ ಕೂಡಲೇ ನವೆಯಲು ಶುರುವಾಗುತ್ತದೆ. ಮೊದಲು ಬೆರಳ ತುದಿಯಲ್ಲಿ ಸವರಿಕೊಳ್ಳುತ್ತೇವೆ, ಆಮೇಲೆ ಉಗುರು ತಾಗುತ್ತದೆ. ನಿದ್ದೆಗಣ್ಣಿನಲ್ಲಿ ಎಷ್ಟು ಕೆರೆದುಕೊಂಡೆವೆಂಬುದು ಬೆಳಿಗ್ಗೆ ಹೊದಿಕೆಯ ಮೇಲಿನ ರಕ್ತದ ಚುಕ್ಕೆಗಳನ್ನು ನೋಡಿದಾಗಲೇ ಗೊತ್ತಾಗುವುದು. ಎರಡು ಮೊಣಕೈಗಳ ಒಳಮಡಿಕೆ, ಮೊಣಕಾಲ ಹಿಂಭಾಗ, ಚಳಿ ಬಿದ್ದಾಗ ಅಂಗೈ ಹಿಂಬದಿ: ಚಿಕ್ಕಂದಿನಿಂದಲೂ ನನ್ನ ಇಸುಬಿನ ಜಾಗಗಳು ಇವೇ.

ಎಣ್ಣೆಗಳ ಕಡೆ ನಾನು ತಿರುಗಿದ್ದಕ್ಕೆ ಕಾರಣ ಸ್ಟೀರಾಯ್ಡ್ ಮುಲಾಮಿನ ಭಯ. ಅದನ್ನು ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಟ್ಟರೆ ಇಮ್ಮಡಿಯಾಗಿ ಮರಳುತ್ತದೆ ಎಂದು ಕೇಳಿ ಕೇಳಿ, ಗಿಡಮೂಲಿಕೆಯಿಂದ ಬಂದದ್ದಾದರೆ ಕೆಡುಕಾಗದು ಎಂದು ನಂಬಿಬಿಟ್ಟಿದ್ದೆ. ಆಲಿವ್ ಎಣ್ಣೆಗೆ ಲ್ಯಾವೆಂಡರ್ ಮತ್ತು ಟೀ ಟ್ರೀ ಸುಗಂಧ ತೈಲಗಳನ್ನು ಕೆಲವು ಹನಿ ಬೆರೆಸಿ, ದಿನಕ್ಕೆರಡು ಬಾರಿ ಹಚ್ಚತೊಡಗಿದೆ. ಮೊದಲ ವಾರ ನಿಜಕ್ಕೂ ಹಿತವಾಗಿತ್ತು. ಒಣಗಿ ಬಿಳಿಚಿದ ಹೊಟ್ಟು ಮೆತ್ತಗಾಯಿತು, ಮಲಗುವ ಮುನ್ನ ಕೈಗಳನ್ನು ನೀವಿಕೊಳ್ಳುವ ಹತ್ತು ನಿಮಿಷ ಮನಸ್ಸನ್ನೂ ತಣ್ಣಗಾಗಿಸುತ್ತಿತ್ತು.

ಎರಡು ತಿಂಗಳ ನಂತರ ಇಸುಬು ಹಳೆಯ ಗಡಿಯನ್ನು ದಾಟಿತು. ಎಂದೂ ತೊಂದರೆ ಕೊಡದಿದ್ದ ಕತ್ತಿನ ಪಕ್ಕ ಕೆಂಪಾಯಿತು. ರೆಪ್ಪೆಗಳು ಊದಿಕೊಂಡವು. ಎಣ್ಣೆ ಮುಟ್ಟಿದ ಬೆರಳು ಎಲ್ಲೆಲ್ಲಿ ತಾಗಿತ್ತೋ ಅಲ್ಲೆಲ್ಲ ನವೆ. ಹಳೆಯ ಕಾಯಿಲೆಯೇ ಕೆರಳಿದೆ ಎಂದುಕೊಂಡು ನಾನು ಎಣ್ಣೆಯನ್ನು ಇನ್ನಷ್ಟು ಹಚ್ಚಿದೆ. ಇಂದಿಗೂ ನೆನೆದರೆ ನೋವಾಗುವ ತಪ್ಪು ಅದು. ರೆಪ್ಪೆಗಳನ್ನು ನೋಡಿದ ಚರ್ಮವೈದ್ಯರು ಮೊದಲು ಕೇಳಿದ ಪ್ರಶ್ನೆಯೇ, ‘ಹೊಸದಾಗಿ ಏನು ಹಚ್ಚುತ್ತಿದ್ದೀರಿ?’ ಎಂದು. ಅಲರ್ಜಿ ತರಬಲ್ಲ ವಸ್ತುಗಳನ್ನಿಟ್ಟ ಪಟ್ಟಿಗಳನ್ನು ಬೆನ್ನಿಗೆ ಸಾಲಾಗಿ ಅಂಟಿಸಿ ಪ್ಯಾಚ್ ಪರೀಕ್ಷೆ ಮಾಡಿಸಿದರು. ಎರಡು ದಿನಕ್ಕೆ ಪಟ್ಟಿ ತೆಗೆದು ಒಮ್ಮೆ, ನಾಲ್ಕನೆಯ ದಿನ ಮತ್ತೊಮ್ಮೆ ನೋಡಿದರು. ಗಾಳಿಗೆ ಕೆಟ್ಟ ಲಿನಲೂಲ್ ಎಂಬ ಪರಿಮಳದ ಅಂಶ ಇಟ್ಟ ಜಾಗದಲ್ಲಿ ಚರ್ಮ ಕೆಂಪಾಗಿ ಉಬ್ಬಿತ್ತು.

ಲಿನಲೂಲ್ ಲ್ಯಾವೆಂಡರ್ ತೈಲದ ಮುಖ್ಯ ಅಂಶಗಳಲ್ಲಿ ಒಂದು. ಹೊಸದಾಗಿದ್ದಾಗ ಅದು ಅಷ್ಟಾಗಿ ಅಲರ್ಜಿ ತರುವುದಿಲ್ಲ. ಗಾಳಿಯ ಆಮ್ಲಜನಕ ತಾಗಿದಂತೆಲ್ಲ ಅದರಿಂದ ಹೈಡ್ರೋಪೆರಾಕ್ಸೈಡ್‌ಗಳು ಹುಟ್ಟುತ್ತವೆ, ಚರ್ಮವನ್ನು ಕೆರಳಿಸುವುದು ಅವು. ಟೀ ಟ್ರೀ ತೈಲವೂ ಹೀಗೆಯೇ ಹಳತಾದಷ್ಟೂ ಹೆಚ್ಚು ಅಲರ್ಜಿಕಾರಕ. ನಿಂಬೆ, ಕಿತ್ತಳೆ ಸಿಪ್ಪೆಯ ತೈಲಗಳಲ್ಲಿರುವ ಲಿಮೋನೀನ್‌ನದೂ ಅದೇ ಗುಣ. ನನ್ನ ಸೀಸೆ ತೆರೆದು ವರ್ಷ ದಾಟಿತ್ತು, ಅರ್ಧ ಖಾಲಿಯಾಗಿತ್ತು. ಅಂದರೆ ಉಳಿದರ್ಧದಲ್ಲಿ ಗಾಳಿಯೇ ತುಂಬಿತ್ತು. ಒಮ್ಮೆ ಹೀಗೆ ಅಲರ್ಜಿ ಬೆಳೆದರೆ ಸಾಮಾನ್ಯವಾಗಿ ಅದು ಬದುಕಿಡೀ ಉಳಿಯುತ್ತದೆ. ಅದೇ ಪರಿಮಳವಿರುವ ಸೋಪು, ಶಾಂಪೂ, ಕ್ರೀಮುಗಳ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ನೋಡದೆ ನಾನು ಈಗ ಏನನ್ನೂ ಕೊಳ್ಳುವುದಿಲ್ಲ.

ಆಲಿವ್ ಎಣ್ಣೆಯೂ ನಿರಪರಾಧಿಯಾಗಿರಲಿಲ್ಲ. ಇದು ಅರ್ಥವಾಗಬೇಕಾದರೆ ಚರ್ಮದ ಮೇಲ್ಪದರ ಹೇಗಿದೆಯೆಂದು ತಿಳಿಯಬೇಕು. ಅದನ್ನು ಇಟ್ಟಿಗೆ ಗೋಡೆಗೆ ಹೋಲಿಸುತ್ತಾರೆ: ಸತ್ತ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಸೆರಮೈಡ್ ಮೊದಲಾದ ಜಿಡ್ಡಿನಂಶ ಗಾರೆ. ಇಸುಬಿನ ಚರ್ಮದಲ್ಲಿ ಆ ಗಾರೆ ಉದುರಿರುತ್ತದೆ. ಒಳಗಿನ ನೀರು ಆವಿಯಾಗಿ ಹೋಗುತ್ತದೆ, ಹೊರಗಿನ ಸೋಪು, ಧೂಳು, ರೋಗಾಣು ಒಳಕ್ಕೆ ನುಸುಳುತ್ತವೆ. ಈ ಗೋಡೆಯನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿರುವ ದೋಷ ಇಸುಬಿಗೆ ದೊಡ್ಡ ಕಾರಣಗಳಲ್ಲೊಂದು ಎಂದು 2006ರಲ್ಲಿ ಗೊತ್ತಾಯಿತು. ಇನ್ನು ಎಣ್ಣೆಗಳಲ್ಲಿರುವ ಕೊಬ್ಬಿನಾಮ್ಲಗಳಿಗೆ ಬಂದರೆ, ಲಿನೋಲಿಕ್ ಆಮ್ಲ ಆ ಗಾರೆಯನ್ನು ಕಟ್ಟಲು ಬೇಕಾದ ಸಾಮಗ್ರಿ. ಓಲಿಕ್ ಆಮ್ಲ ಅದನ್ನು ಸಡಿಲಿಸುತ್ತದೆ. ಆಲಿವ್ ಎಣ್ಣೆಯಲ್ಲಿ ಓಲಿಕ್ ಆಮ್ಲವೇ ಹೆಚ್ಚು. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಸಣ್ಣ ಅಧ್ಯಯನದಲ್ಲಿ ದೊಡ್ಡವರ ಮುಂಗೈಗೆ ಕೆಲವು ವಾರ ದಿನಕ್ಕೆರಡು ಬಾರಿ ಆಲಿವ್ ಎಣ್ಣೆಯ ಹನಿಗಳನ್ನು ಹಚ್ಚಿ ನೋಡಿದರು. ಇಸುಬು ಇಲ್ಲದವರಲ್ಲೂ ಚರ್ಮದ ಗೋಡೆ ದುರ್ಬಲವಾಗಿತ್ತು. ಸೂರ್ಯಕಾಂತಿ ಎಣ್ಣೆ ಹಚ್ಚಿದಲ್ಲಿ ಹಾಗಾಗಲಿಲ್ಲ.

ಹೀಗಾಗಿ ನನ್ನ ಎರಡನೆಯ ಸುತ್ತು ಸೂರ್ಯಕಾಂತಿ ಎಣ್ಣೆಯಿಂದ ಶುರುವಾಯಿತು. ಇಲ್ಲೂ ಒಂದು ಸೂಕ್ಷ್ಮವಿದೆ. ಬೇಗ ಕೆಡದಿರಲೆಂದು ಓಲಿಕ್ ಆಮ್ಲ ಹೆಚ್ಚಿರುವ ತಳಿಗಳಿಂದ ತೆಗೆದ ಸೂರ್ಯಕಾಂತಿ ಎಣ್ಣೆಯೂ ಮಾರಾಟಕ್ಕಿದೆ, ಸೀಸೆಯ ಮೇಲೆ ‘ಹೈ ಓಲಿಕ್’ ಎಂದು ಬರೆದಿರುತ್ತದೆ. ನಮಗೆ ಬೇಕಾದದ್ದು ಅದಲ್ಲ, ಲಿನೋಲಿಕ್ ಹೆಚ್ಚಿರುವ ಮಾಮೂಲಿ ಸೂರ್ಯಕಾಂತಿ. ಕುಸುಬೆ ಎಣ್ಣೆಗೂ ಇದೇ ಮಾತು ಸಲ್ಲುತ್ತದೆ.

ಜೊತೆಗೆ ಕೊಬ್ಬರಿ ಎಣ್ಣೆಯನ್ನೂ ತೆಗೆದುಕೊಂಡೆ. ಅದರಲ್ಲಿ ಲಿನೋಲಿಕ್ ಆಮ್ಲ ತೀರಾ ಕಡಿಮೆ, ಆದರೆ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲವಿದೆ. ಇಸುಬಿನ ಚರ್ಮದ ಮೇಲೆ ಬೀಡುಬಿಡುವ ಸ್ಟೆಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾವನ್ನು ಹತ್ತಿಕ್ಕುವ ಗುಣ ಅದಕ್ಕಿದೆ. 117 ಮಕ್ಕಳ ಮೇಲೆ 8 ವಾರ ನಡೆದ ಒಂದು ಪ್ರಯೋಗದಲ್ಲಿ ಶುದ್ಧ ಕೊಬ್ಬರಿ ಎಣ್ಣೆ ಖನಿಜ ಎಣ್ಣೆಗಿಂತ ಹೆಚ್ಚು ಗುಣ ಕೊಟ್ಟಿತ್ತು. ಸಾಸಿವೆ ಎಣ್ಣೆಯನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ, ಅದರ ಘಾಟು ಚರ್ಮವನ್ನು ಉರಿಸುತ್ತದೆ. ಶೇಂಗಾ ಎಣ್ಣೆಯನ್ನೂ ದೂರವಿಟ್ಟೆ. ಕೆರಳಿದ ಚರ್ಮಕ್ಕೆ ಶೇಂಗಾ ಎಣ್ಣೆ ಬೆರೆತ ಮುಲಾಮು ಹಚ್ಚಿಸಿಕೊಂಡಿದ್ದ ಮಕ್ಕಳಲ್ಲಿ ಮುಂದೆ ಶೇಂಗಾ ಅಲರ್ಜಿ ಹೆಚ್ಚು ಕಂಡಿತೆಂದು 2003ರ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿದೆ. ಒಡೆದ ಚರ್ಮದ ಮೂಲಕ ಆಹಾರದ ಪ್ರೋಟೀನು ಒಳಹೋದರೆ ದೇಹ ಅದನ್ನು ವೈರಿಯೆಂದು ಗುರುತಿಟ್ಟುಕೊಳ್ಳಬಹುದು. ಚಿಕ್ಕ ಮಕ್ಕಳಿರುವವರು ಇದನ್ನು ದಯವಿಟ್ಟು ನೆನಪಿಡಬೇಕು.

ಈ ಬಾರಿ ಆತುರಪಡಲಿಲ್ಲ. ಯಾವುದೇ ಎಣ್ಣೆಯನ್ನು ಇಸುಬಿಗೆ ಹಚ್ಚುವ ಮುನ್ನ ಮುಂಗೈ ಒಳಬದಿಯ ಆರೋಗ್ಯವಾದ ಚರ್ಮದಲ್ಲಿ ನಾಣ್ಯದಗಲ ಜಾಗ ಗುರುತಿಸಿ, ದಿನಕ್ಕೆರಡು ಸಲದಂತೆ ಹತ್ತು ದಿನ ಹಚ್ಚಿ ಕಾದೆ. ಒಂದೇ ದಿನ ಹಚ್ಚಿ ನೋಡಿ ‘ಏನೂ ಆಗಲಿಲ್ಲ’ ಎಂದರೆ ಸಾಲದು, ಅಲರ್ಜಿ ತಲೆಯೆತ್ತಲು ದಿನಗಳು ಹಿಡಿಯುತ್ತವೆ. ಒಂದು ಎಣ್ಣೆ ಪಾಸಾಗುವವರೆಗೆ ಇನ್ನೊಂದನ್ನು ಮುಟ್ಟಲಿಲ್ಲ. ಎರಡೂ ಪಾಸಾದ ಮೇಲೆ ಎಡಗೈಗೆ ಸೂರ್ಯಕಾಂತಿ, ಬಲಗೈಗೆ ಕೊಬ್ಬರಿ ಎಂದು ನಾಲ್ಕು ವಾರ ನಡೆಸಿದೆ. ನವೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಪ್ರತಿ ಬೆಳಿಗ್ಗೆ ಪುಸ್ತಕದಲ್ಲಿ ಬರೆದಿಟ್ಟೆ. ಮೊಣಕೈ ಮಡಿಕೆಯಲ್ಲಿ ಎರಡರ ನಡುವೆ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಕೈಗಳಲ್ಲಿ ಏಳು, ಎಂಟು ಇದ್ದ ಅಂಕ ಮೂರು, ನಾಲ್ಕಕ್ಕೆ ಇಳಿದಿತ್ತು. ಆದರೆ ಕೊಬ್ಬರಿ ಎಣ್ಣೆ ಕತ್ತಿಗೆ ಹಚ್ಚಿದಾಗ ಸಣ್ಣ ಸಣ್ಣ ಗುಳ್ಳೆಗಳೆದ್ದವು, ಅಲ್ಲಿಗೆ ಅದನ್ನು ನಿಲ್ಲಿಸಿದೆ. ಈಗ ಮೊಣಕಾಲ ಹಿಂಬದಿಗೆ ಕೊಬ್ಬರಿ, ಉಳಿದೆಡೆ ಸೂರ್ಯಕಾಂತಿ.

ಯಾವ ಎಣ್ಣೆ ಎಂಬುದಕ್ಕಿಂತ ಹೇಗೆ ಹಚ್ಚಿದೆ ಎಂಬುದೇ ನನಗೆ ಹೆಚ್ಚು ಫಲ ಕೊಟ್ಟಿತು. ಎಣ್ಣೆಯಲ್ಲಿ ನೀರಿಲ್ಲ. ಒಣ ಚರ್ಮದ ಮೇಲೆ ಎಣ್ಣೆ ಸುರಿದರೆ ಒಣಗಿದ್ದು ಹೊಳೆಯುತ್ತದೆ ಅಷ್ಟೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷದೊಳಗೆ ಸ್ನಾನ ಮುಗಿಸುತ್ತೇನೆ. ಮಡಿಕೆಗಳಿಗೆ ಸೋಪು ತಾಗಿಸುವುದಿಲ್ಲ. ಮೆತ್ತನೆ ಬಟ್ಟೆಯನ್ನು ಒತ್ತಿ ನೀರು ಹೀರಿಸುತ್ತೇನೆ, ತಿಕ್ಕುವುದಿಲ್ಲ. ಚರ್ಮದ ಮೇಲೆ ಇನ್ನೂ ಸಣ್ಣ ಹನಿಗಳು ಮಿನುಗುತ್ತಿರುವಾಗಲೇ ಏಳೆಂಟು ಹನಿ ಎಣ್ಣೆಯನ್ನು ಅಂಗೈಗಳ ನಡುವೆ ಹರಡಿಕೊಂಡು ಮಡಿಕೆಯ ಮೇಲೆ ಒತ್ತಿ ಹಿಡಿಯುತ್ತೇನೆ. ನೀರು ಎಣ್ಣೆ ಸೇರಿ ಒಂದು ಕ್ಷಣ ಹಾಲಿನಂತೆ ಬೆಳ್ಳಗಾಗಿ ಮತ್ತೆ ತಿಳಿಯಾಗುತ್ತದೆ. ಆಮೇಲೆ ರೋಮ ಮಲಗುವ ದಿಕ್ಕಿನಲ್ಲಿ ಮೆಲ್ಲಗೆ ಸವರುತ್ತೇನೆ. ಎದುರು ದಿಕ್ಕಿನಲ್ಲಿ ತಿಕ್ಕಿದರೆ ರೋಮದ ಬುಡ ಕೆರಳಿ ಗುಳ್ಳೆಯಾಗಬಹುದು. ಎರಡು ನಿಮಿಷ ಬಿಟ್ಟು ತೀರಾ ಒರಟಾದ ಜಾಗಗಳಿಗೆ ಪರಿಮಳವಿಲ್ಲದ ಪೆಟ್ರೋಲಿಯಂ ಜೆಲ್ಲಿಯ ತೆಳುಪದರ. ಎಣ್ಣೆಯೊಂದೇ ನೀರನ್ನು ಅಷ್ಟು ಹೊತ್ತು ಹಿಡಿದಿಡಲಾರದು, ಜೆಲ್ಲಿ ಹಿಡಿದಿಡುತ್ತದೆ.

ಸ್ಟೀರಾಯ್ಡ್ ಮುಲಾಮಿನ ವಿಷಯವನ್ನು ಮುಚ್ಚಿಡಲಾರೆ. ಅದನ್ನು ಪೂರ್ತಿ ಬಿಟ್ಟು ಎಣ್ಣೆಯನ್ನೇ ನಂಬಿದ್ದ ದಿನಗಳಲ್ಲಿ ಮೊಣಕಾಲ ಹಿಂದೆ ರಸಿಕೆ ಸೋರಿ, ಜೇನಿನ ಬಣ್ಣದ ಹಕ್ಕಳೆ ಕಟ್ಟಿತ್ತು. ಅದು ಸೋಂಕು. ಎಣ್ಣೆಯಿಂದ ಹೋಗುವಂಥದ್ದಲ್ಲ, ಆಂಟಿಬಯಾಟಿಕ್ ಬೇಕಾಯಿತು. ಈಗ ಇಸುಬು ಕೆರಳಿದಾಗ ವೈದ್ಯರು ಹೇಳಿದಷ್ಟು ದಿನ ಮುಲಾಮು ಹಚ್ಚಿ ಬೆಂಕಿ ಆರಿಸುತ್ತೇನೆ. ದೊಡ್ಡವರ ಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಮ್, ಬೆರಳುಗಳೂ ಸೇರಿ ಎರಡು ಅಂಗೈಯಗಲಕ್ಕೆ ಅದು ಸಾಕು. ಈ ಅಳತೆ ಗೊತ್ತಾದ ಮೇಲೆ ನನ್ನ ಭಯ ಬಹುಮಟ್ಟಿಗೆ ಇಳಿಯಿತು. ಮುಲಾಮಿಗೂ ಎಣ್ಣೆಗೂ ನಡುವೆ ಅರ್ಧ ಗಂಟೆ ಬಿಡುತ್ತೇನೆ. ಎಣ್ಣೆಯ ಕೆಲಸ ಬೆಂಕಿ ಆರಿದ ಮೇಲಿನದು: ಮತ್ತೆ ಹೊತ್ತಿಕೊಳ್ಳುವ ದಿನವನ್ನು ಮುಂದೂಡುವುದು. ಮುಲಾಮಿನ ಟ್ಯೂಬು ಮೊದಲು ಎಷ್ಟು ದಿನಕ್ಕೆ ಮುಗಿಯುತ್ತಿತ್ತೋ ಈಗ ಅದರ ಎರಡರಷ್ಟು ದಿನ ಬರುತ್ತದೆ. ಜ್ವರದ ಜೊತೆಗೆ ಒಂದೇ ಗಾತ್ರದ ಸಣ್ಣ ಸಣ್ಣ ನೀರ್ಗುಳ್ಳೆಗಳೋ, ಕೊರೆದಿಟ್ಟಂಥ ಹುಣ್ಣುಗಳೋ ಗುಂಪಾಗಿ ಎದ್ದರೆ ಅದು ಹರ್ಪಿಸ್ ವೈರಸ್ಸಿನ ಸೋಂಕಾಗಿರಬಹುದು. ಆಗ ಎಣ್ಣೆ, ಮುಲಾಮು ಎರಡನ್ನೂ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಈವನಿಂಗ್ ಪ್ರಿಮ್‌ರೋಸ್ ಎಂಬ ಹೂಗಿಡದ ಬೀಜದ ಎಣ್ಣೆಯ ಮಾತ್ರೆಗಳನ್ನೂ ಕೆಲವು ತಿಂಗಳು ನುಂಗಿದ್ದೆ. ನನ್ನ ಪುಸ್ತಕದ ಅಂಕಗಳು ಅಲುಗಲಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ, ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಜಾಲದ 2013ರ ವಿಮರ್ಶೆಯೂ, ಬಾಯಿಯ ಮೂಲಕ ತೆಗೆದುಕೊಂಡ ಆ ಎಣ್ಣೆ ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ ಎಂದೇ ಹೇಳಿದೆ.

ಸುಗಂಧ ತೈಲ ಹಚ್ಚಲೇಬೇಕೆಂಬ ಆಸೆ ಇರುವವರು ನನ್ನನ್ನು ಕೇಳುತ್ತಾರೆ. ಇಸುಬಿನ ಚರ್ಮಕ್ಕೆ ಬೇಡ ಎಂದೇ ನನ್ನ ಉತ್ತರ. ಆದರೂ ಕೇಳದವರಿಗೆ ಇಷ್ಟು ಹೇಳುತ್ತೇನೆ: ನೇರವಾಗಿ ಎಂದೂ ಹಚ್ಚಬೇಡಿ. 30 ಮಿಲಿಲೀಟರ್ ಎಣ್ಣೆಗೆ ಮೂರು ಹನಿ, ಅಂದರೆ ಸುಮಾರು ಅರ್ಧ ಶೇಕಡಾ, ಅದನ್ನು ದಾಟಬೇಡಿ. ಬಿರುಕು ಬಿಟ್ಟ, ರಸಿಕೆ ಸೋರುವ ಜಾಗಕ್ಕೆ ಮುಟ್ಟಿಸಬೇಡಿ, ಮಕ್ಕಳಿಗಂತೂ ಬೇಡವೇ ಬೇಡ. ಸ್ನಾನದ ನೀರಿಗೆ ಹಾಕಿದರೆ ಅದು ಕರಗುವುದಿಲ್ಲ, ಮೇಲೆ ತೇಲಿ, ತೆಳುವಾಗದೆ ಹಾಗೆಯೇ ಮೈಗೆ ಅಂಟುತ್ತದೆ. ಬರ್ಗಮಾಟ್ ಎಂಬ ನಿಂಬೆಜಾತಿಯ ಹಣ್ಣಿನ ತೈಲ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂತೆ ಕಲೆಯಾಗಬಹುದು. ಅಲರ್ಜಿ ಈಗಾಗಲೇ ಬಂದಿದ್ದರೆ ಎಷ್ಟು ತೆಳುಮಾಡಿದರೂ ಅದನ್ನು ನಂಬುವಂತಿಲ್ಲ.

ಎಣ್ಣೆ ಕೆಡದಂತೆ ನೋಡಿಕೊಳ್ಳುವುದು ಹಳೆಯ ಸೀಸೆ ಕಲಿಸಿದ ಪಾಠ. ಲಿನೋಲಿಕ್ ಹೆಚ್ಚಿರುವ ಎಣ್ಣೆ ಬೇಗ ಕಮಟುತ್ತದೆ. ದೊಡ್ಡ ಡಬ್ಬಿಯಿಂದ 50 ಮಿಲಿಲೀಟರಿನ ಕಂದುಗಾಜಿನ ಸೀಸೆಗೆ ಕುತ್ತಿಗೆಯವರೆಗೆ ತುಂಬಿಸಿ, ತಾರೀಖು ಬರೆದ ಚೀಟಿ ಅಂಟಿಸುತ್ತೇನೆ. ಹಚ್ಚುವ ಮುನ್ನ ಪ್ರತಿಸಲ ಮೂಸುತ್ತೇನೆ, ಕಮಟು ವಾಸನೆ ಬಂದರೆ ಚೆಲ್ಲುತ್ತೇನೆ. ಎಣ್ಣೆ, ಜೆಲ್ಲಿ ಹೀರಿದ ಬಟ್ಟೆ ಒಗೆದ ಮೇಲೂ ಬೇಗ ಬೆಂಕಿ ಹಿಡಿಯುತ್ತದೆ. ಆದ್ದರಿಂದ ರಾತ್ರಿ ತೊಡುವ ಹತ್ತಿಯ ಉದ್ದತೋಳಿನ ಅಂಗಿಯನ್ನು ಒಲೆ, ದೀಪಗಳ ಬಳಿಗೆ ಒಯ್ಯುವುದಿಲ್ಲ.

ಇಸುಬು ಹೋಗಿಲ್ಲ. ಕಳೆದ ಚಳಿಯಲ್ಲಿ ಎರಡು ಸಲ ಕೆರಳಿತು, ಎರಡು ಸಲವೂ ಮುಲಾಮು ಬೇಕಾಯಿತು. ಮೊಣಕೈ ಮಡಿಕೆಯಲ್ಲಿ ಚರ್ಮ ದಪ್ಪಗಾಗಿ ಆನೆಯ ಚರ್ಮದಂತೆ ಗೆರೆಗಟ್ಟಿದ್ದ ಜಾಗ ಈಗ ಮೆತ್ತಗಾಗಿದೆ, ಸುತ್ತಲಿಗಿಂತ ಒಂದಿಷ್ಟು ತಿಳಿಬಣ್ಣ ಮಾತ್ರ ಉಳಿದಿದೆ. ಪುಸ್ತಕದಲ್ಲಿ ನಿನ್ನೆ ರಾತ್ರಿಯ ಅಂಕ ಎರಡು. ಹೊದಿಕೆಯ ಮೇಲೆ ಚುಕ್ಕೆಗಳಿರಲಿಲ್ಲ.