ನಗು ಹೆಣದಲ್ಲಿರಲಿಲ್ಲ, ಬೆಲೆಪಟ್ಟಿಯಲ್ಲಿತ್ತು: ಒಂದು ಕಪ್ಪು ಹಾಸ್ಯದ ಚಿತ್ರ ಮಾಡಿದ ನನ್ನ ಅನುಭವ

ಅಂತ್ಯಕ್ರಿಯೆಯ ವ್ಯಾಪಾರವನ್ನು ವಿಡಂಬಿಸುವ ಕಪ್ಪು ಹಾಸ್ಯದ ಕಿರುಚಿತ್ರ ಮಾಡುತ್ತೇನೆಂದು ಆರೇಳು ವರ್ಷಗಳ ಹಿಂದೆ ಹೇಳಿದಾಗ, ನನ್ನ ಸಂಕಲನಕಾರರಿಂದ ಹಿಡಿದು ಹಣ ಹಾಕಬೇಕಾಗಿದ್ದವರವರೆಗೆ ಎಲ್ಲರೂ ಕೊಟ್ಟ ಉತ್ತರ ಒಂದೇ ಆಗಿತ್ತು. ಸಾವಿನ ಮನೆಯಲ್ಲಿ ಯಾರೂ ನಗುವುದಿಲ್ಲ, ನಕ್ಕರೂ ಮರುಕ್ಷಣವೇ ನಾಚಿಕೊಳ್ಳುತ್ತಾರೆ, ಒಮ್ಮೆ ನಾಚಿಕೊಂಡ ಪ್ರೇಕ್ಷಕ ಮತ್ತೆ ಬಾಯಿ ಬಿಡುವುದಿಲ್ಲ ಎಂದರು. ಆ ಮಾತಿನಲ್ಲಿ ಅರ್ಧ ಸತ್ಯವಿತ್ತು ಎಂದು ಅರಿಯಲು ನನಗೆ ಎರಡು ಸೋತ ಚಿತ್ರಗಳು ಬೇಕಾದವು. ಮೂರನೆಯದು ಗೆದ್ದಿತು. 17 ನಿಮಿಷದ ಆ ಚಿತ್ರಕ್ಕೆ, ಸುಮಾರು 70 ಜನರಿದ್ದ ಸಭಾಂಗಣ ಇಪ್ಪತ್ತಕ್ಕೂ ಹೆಚ್ಚು ಸಲ ನಕ್ಕಿತು ಮತ್ತು ಒಬ್ಬರೂ ಮಧ್ಯದಲ್ಲಿ ಎದ್ದು ಹೋಗಲಿಲ್ಲ. ಈ ಬಗೆಯ ಚಿತ್ರಗಳನ್ನು ಪ್ರಯತ್ನಿಸುತ್ತಿರುವ ಗೆಳೆಯರು ಪದೇ ಪದೇ ಕೇಳುತ್ತಿರುವುದರಿಂದ, ಏನು ಮಾಡಿದೆ, ಎಲ್ಲಿ ಹಣ ಕಳೆದುಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಚಿತ್ರದಲ್ಲಿ ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದ್ದೆ. ಹೆಣವನ್ನೇ ಹಾಸ್ಯದ ಪಾತ್ರವನ್ನಾಗಿ ಮಾಡಿದ್ದೆ. ಶವಪೆಟ್ಟಿಗೆ ಮೆಟ್ಟಿಲ ಮೇಲೆ ಜಾರುತ್ತದೆ, ಮುಚ್ಚಳ ತೆರೆದುಕೊಳ್ಳುತ್ತದೆ, ಹೊತ್ತವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಚಿತ್ರೀಕರಣದ ದಿನ ತಂಡದವರೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರಿಂದ ಚಿತ್ರ ಗೆದ್ದೇಬಿಟ್ಟಿತು ಎಂದುಕೊಂಡಿದ್ದೆ. ಪ್ರದರ್ಶನದಲ್ಲಿ ಮೊದಲ ಜಾರುವಿಕೆಗೆ ಸಣ್ಣದೊಂದು ನಗು ಬಂತು, ಆಮೇಲೆ 20 ನಿಮಿಷಗಳ ಕಾಲ ಫ್ಯಾನಿನ ಸದ್ದು ಮಾತ್ರ ಕೇಳಿಸಿತು. ಇತ್ತೀಚೆಗೆ ತಾಯಿಯನ್ನು ಕಳೆದುಕೊಂಡಿದ್ದ ಒಬ್ಬ ಮಹಿಳೆ ಏನೂ ಹೇಳದೆ ಎದ್ದು ಹೊರಟರು. ಅವರು ಕುಳಿತಿದ್ದ ಆ ಖಾಲಿ ಕುರ್ಚಿಯನ್ನು ನಾನು ಚಿತ್ರ ಮುಗಿಯುವವರೆಗೂ ನೋಡುತ್ತಿದ್ದೆ. ನನ್ನ ಚಿತ್ರ ವ್ಯಾಪಾರಿಯನ್ನು ಬಿಟ್ಟು ಅವರನ್ನು ಹೊಡೆದಿತ್ತು.

ಎರಡನೆಯ ಚಿತ್ರದಲ್ಲಿ ಇದಕ್ಕೆ ವಿರುದ್ಧ ದಿಕ್ಕಿಗೆ ಹೋಗಿ ವ್ಯಾಪಾರಿಯನ್ನು ಖಳನಾಯಕನನ್ನಾಗಿ ಮಾಡಿದೆ. ಹೆಣ ಮುಂದಿಟ್ಟುಕೊಂಡು ಹಣ ಎಣಿಸುವವನು, ಓರೆಗಣ್ಣಿನಿಂದ ನೋಡಿ ತುಟಿ ಸವರಿಕೊಳ್ಳುವವನು. ಪ್ರೇಕ್ಷಕರು ಅವನನ್ನು ಚೆನ್ನಾಗಿಯೇ ದ್ವೇಷಿಸಿದರು, ಆದರೆ ದ್ವೇಷಿಸುತ್ತಿರುವವರು ನಗುವುದಿಲ್ಲ. ಕೆಟ್ಟವನೊಬ್ಬ ಕೆಟ್ಟ ಕೆಲಸ ಮಾಡಿದರೆ ಅಲ್ಲಿ ವಿಡಂಬನೆಗೆ ಜಾಗವೇ ಇರುವುದಿಲ್ಲ. ವ್ಯವಸ್ಥೆಯ ಮೇಲೆ ಬೀಳಬೇಕಾದ ಸಿಟ್ಟೆಲ್ಲ ಒಬ್ಬ ಮನುಷ್ಯನ ಮೇಲೆ ಬಿದ್ದು ಕರಗಿಹೋಗುತ್ತದೆ. ಈ ಎರಡು ಚಿತ್ರಗಳಿಗೆ ಸುರಿದ ಹಣ ಮೂರನೆಯ ಚಿತ್ರದ ಒಟ್ಟು ವೆಚ್ಚದ ಎರಡೂವರೆ ಪಟ್ಟಾದರೂ ಇದ್ದಿರಬೇಕು. ಎರಡನೆಯದರ ಸಾಲ ತೀರಿಸಲು ನನಗೆ ಒಂದೂವರೆ ವರ್ಷ ಹಿಡಿಯಿತು. ಆ ಅವಧಿಯಲ್ಲಿ ಸ್ವಂತದ್ದೆಂದು ಒಂದು ಶಾಟ್ ಕೂಡ ತೆಗೆಯಲಿಲ್ಲ, ಬೇರೆಯವರ ಮದುವೆಯ ವಿಡಿಯೊಗಳನ್ನು ಕತ್ತರಿಸುತ್ತ ಕುಳಿತಿದ್ದೆ.

ದಾರಿ ತೆರೆದದ್ದು ಒಂದು ನಷ್ಟದಿಂದ. ಮೂರನೆಯ ಪ್ರಯತ್ನಕ್ಕೆ ನಿಜವಾದ ಅಂತ್ಯಕ್ರಿಯೆ ಸೇವೆಯ ಕಚೇರಿಯನ್ನೇ ಬಾಡಿಗೆಗೆ ಗೊತ್ತುಮಾಡಿದ್ದೆ. ಚಿತ್ರೀಕರಣಕ್ಕೆ ಎರಡು ದಿನವಿರುವಾಗ ಅದರ ಮಾಲೀಕರು ಚಿತ್ರಕಥೆ ತರಿಸಿಕೊಂಡು ಓದಿ ಜಾಗ ಕೊಡುವುದಿಲ್ಲವೆಂದರು, ಅಡ್ವಾನ್ಸನ್ನೂ ಹಿಂದಿರುಗಿಸಲಿಲ್ಲ. ಕಲಾವಿದರ ದಿನಾಂಕಗಳು ಗೊತ್ತಾಗಿಬಿಟ್ಟಿದ್ದವು. ಬೇರೆ ದಾರಿಯಿಲ್ಲದೆ, ಖಾಲಿ ಮಾಡಿ ಬಿಟ್ಟಿದ್ದ ಪೀಠೋಪಕರಣದ ಮಳಿಗೆಯೊಂದನ್ನು ನಾಲ್ಕು ದಿನಕ್ಕೆ ಹಿಡಿದೆ. ಮಂಚ, ಸೋಫಾಗಳಿದ್ದ ಗುರುತುಗಳು ನೆಲದ ಮೇಲೆ ಹಾಗೆಯೇ ಇದ್ದವು. ಆ ಗುರುತುಗಳ ಮೇಲೆಯೇ ನಮ್ಮ ಪ್ಲೈವುಡ್ ಶವಪೆಟ್ಟಿಗೆಗಳನ್ನು ಇಟ್ಟು ಬಾಗಿಲಲ್ಲಿ ನಿಂತು ನೋಡಿದಾಗ, ನಾನು ಇಷ್ಟು ವರ್ಷ ಎಲ್ಲಿ ತಪ್ಪಿದ್ದೆನೆಂಬುದು ಕಣ್ಣಿಗೆ ಕಟ್ಟಿತು. ಇದು ಅಂಗಡಿ. ಈ ಚಿತ್ರವನ್ನು ಸಾವಿನ ಮನೆಯಂತೆ ಬೆಳಗಿಸಬಾರದು, ಅಂಗಡಿಯಂತೆ ಬೆಳಗಿಸಬೇಕು.

ಅಂದು ರಾತ್ರಿ ಜೆಸ್ಸಿಕಾ ಮಿಟ್‌ಫರ್ಡ್ ಅವರ 1963ರ ಪುಸ್ತಕವನ್ನು ಮತ್ತೆ ತೆಗೆದೆ. ಅಮೆರಿಕದ ಅಂತ್ಯಕ್ರಿಯೆ ಉದ್ಯಮವನ್ನು ಬಯಲಿಗೆಳೆದ ಆ ಪುಸ್ತಕದಲ್ಲಿ, ಶವಪೆಟ್ಟಿಗೆಗಳ ಪ್ರದರ್ಶನ ಕೋಣೆಯನ್ನು ಹೇಗೆ ಜೋಡಿಸಬೇಕೆಂದು ಉದ್ಯಮದ ಕೈಪಿಡಿಯೇ ಹೇಳಿಕೊಡುವುದನ್ನು ಅವರು ಉಲ್ಲೇಖಿಸುತ್ತಾರೆ. ಒಳಗೆ ಬಂದವರು ಸಹಜವಾಗಿ ಬಲಕ್ಕೆ ತಿರುಗುತ್ತಾರಾದ್ದರಿಂದ ದುಬಾರಿ ಪೆಟ್ಟಿಗೆಗಳು ಬಲಗಡೆಯ ಅಗಲವಾದ ದಾರಿಯಲ್ಲಿರಬೇಕು. ಮೊದಲು ತೋರಿಸುವ ಪೆಟ್ಟಿಗೆ ಮಧ್ಯದ ಬೆಲೆಗಿಂತ ತುಸು ಮೇಲಿರಬೇಕು. ಗಿರಾಕಿ ಹಿಂಜರಿದರೆ, ನೋಡಿದ ಕೂಡಲೇ ಮನಸ್ಸು ಮುದುಡಿಕೊಳ್ಳುವಂಥ ಅಗ್ಗದ ಪೆಟ್ಟಿಗೆಯ ಬಳಿಗೆ ಅವರನ್ನು ಕರೆದೊಯ್ಯಬೇಕು, ಆಗ ಅವರು ತಾವಾಗಿಯೇ ಮೇಲಕ್ಕೆ ಮರಳುತ್ತಾರೆ. ಇದನ್ನು ನಾನು ಮೊದಲೂ ಓದಿದ್ದೆ, ಆದರೆ ಮಾಹಿತಿಯಾಗಿ ಓದಿದ್ದೆ. ಆ ರಾತ್ರಿ ಅದು ಪಾತ್ರಗಳ ನಡೆದಾಟದ ನಕ್ಷೆಯಾಗಿ ಕಂಡಿತು. ಮೊದಲಿದ್ದ ಚಿತ್ರಕಥೆಯ ಮುಕ್ಕಾಲು ಪಾಲನ್ನು ಬಿಸಾಡಿ, ಇಡೀ ಚಿತ್ರವನ್ನು ಒಬ್ಬ ವಿಧವೆ ಆ ಕೋಣೆಯಲ್ಲಿ ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನಡೆಯುವುದರ ಮೇಲೆ ಕಟ್ಟಿದೆ.

ಸಂಭಾಷಣೆಗೆ ಮೂಲವಾದದ್ದು ಒಂದು ಕಾನೂನು. ವ್ಯಾಪಾರದಲ್ಲಿನ ಮೋಸವನ್ನು ತಡೆಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 1984ರಲ್ಲಿ ಜಾರಿಗೆ ತಂದ ಅಂತ್ಯಕ್ರಿಯೆ ನಿಯಮದಲ್ಲಿ ವ್ಯಾಪಾರಿ ಏನನ್ನು ಹೇಳಬಾರದು ಎಂಬುದಿದೆ. ಕಾನೂನು ಕೇಳದಿದ್ದಾಗ ಶವ ಕೆಡದಂತೆ ಅದಕ್ಕೆ ರಾಸಾಯನಿಕ ತುಂಬಿಸುವುದು ಕಡ್ಡಾಯವೆಂದು ಹೇಳುವಂತಿಲ್ಲ. ಪೆಟ್ಟಿಗೆಯು ದೇಹವನ್ನು ದೀರ್ಘಕಾಲ ಕೆಡದಂತೆ ಉಳಿಸುತ್ತದೆಂದು ಹೇಳುವಂತಿಲ್ಲ. ಪೆಟ್ಟಿಗೆಗಳನ್ನು ತೋರಿಸುವ ಮೊದಲೇ ಅವುಗಳ ಬೆಲೆಪಟ್ಟಿಯನ್ನು ತೋರಿಸಬೇಕು. ಬರೆಯುವವರಿಗೆ ಇಂಥ ನಿಷೇಧಗಳು ಚಿನ್ನದ ಗಣಿ. ಯಾರೋ ಹೇಳುತ್ತಿದ್ದ ಸುಳ್ಳನ್ನು ನಿಲ್ಲಿಸಲೆಂದೇ ಪ್ರತಿಯೊಂದು ನಿಷೇಧವೂ ಹುಟ್ಟಿರುತ್ತದೆ. ನಾನು ನಿಷೇಧಗಳನ್ನು ಒಂದೊಂದಾಗಿ ಬರೆದುಕೊಂಡು, ಅವುಗಳನ್ನು ಮುರಿಯದೆ ಅದೇ ಭಯವನ್ನು ಗಿರಾಕಿಯ ಮನಸ್ಸಿನಲ್ಲಿ ಹುಟ್ಟಿಸಬಲ್ಲ ಸೌಜನ್ಯದ ವಾಕ್ಯವನ್ನು ಪ್ರತಿಯೊಂದರ ಮುಂದೆ ಬರೆದೆ. ಚಿತ್ರದ ಸಂಭಾಷಣೆಯ ಬಹುಭಾಗ ಹೀಗೆ ಹುಟ್ಟಿದ್ದು.

ಒಂದು ದೃಶ್ಯವನ್ನು ಹತ್ತಿರದಿಂದ ಹೇಳುತ್ತೇನೆ. ಕ್ಯಾಮೆರಾ ಪೆಟ್ಟಿಗೆಯ ಅಂಚಿನ ಎತ್ತರದಲ್ಲಿದೆ. ವ್ಯಾಪಾರಿಯ ಅಂಗೈ ಒಳಗಿನ ಸ್ಯಾಟಿನ್ ಬಟ್ಟೆಯ ಮೇಲೆ ನಿಧಾನವಾಗಿ ಹರಿದು, ಇಲ್ಲದ ಸುಕ್ಕೊಂದನ್ನು ಸರಿಪಡಿಸುತ್ತದೆ. ವಿಧವೆ ಕೇಳುತ್ತಾಳೆ: “ಇದಕ್ಕಿಂತ ಕಡಿಮೆಯದು ಇಲ್ಲವೇ?” ಅವನು ತಲೆ ತಗ್ಗಿಸಿ ಹೇಳುತ್ತಾನೆ: “ಇದೆ ಅಮ್ಮಾ. ನೀವು ಹೇಳಿದರೆ ಖಂಡಿತ ತೋರಿಸುತ್ತೇನೆ. ಆದರೆ ನೀವು ಅದರ ಮುಂದೆ ನಿಂತಿರುವುದನ್ನು ನೋಡುವುದು ನನಗೆ ಕಷ್ಟ.” ಅವರು ಎಡಕ್ಕೆ ಹೋಗುತ್ತಾರೆ, ಆ ಪೆಟ್ಟಿಗೆಯನ್ನು ನೋಡುತ್ತಾರೆ, ಇಬ್ಬರೂ ಮಾತಿಲ್ಲದೆ ಮರಳಿ ಬರುತ್ತಾರೆ. ಈಗ ಅವನು ಮುಚ್ಚಳದ ಸುತ್ತಲಿನ ರಬ್ಬರ್ ಪಟ್ಟಿಯನ್ನು ಬೆರಳಿನಿಂದ ಒತ್ತಿ ತೋರಿಸುತ್ತಾನೆ. “ಒಂದು ಹನಿ ನೀರೂ ಒಳಗೆ ಹೋಗುವುದಿಲ್ಲ, ಇದಕ್ಕೆ 20 ವರ್ಷದ ಗ್ಯಾರಂಟಿ ಇದೆ.” ಆಕೆ ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳುತ್ತಾಳೆ: “ನೀರು ಹೋಯಿತೆಂದು ನಿಮಗೆ ಬಂದು ಹೇಳುವವರು ಯಾರು?” ಅವನು ಯೋಚಿಸುತ್ತಾನೆ. ಸಭಾಂಗಣ ಸಿಡಿದದ್ದು ಆಕೆಯ ಪ್ರಶ್ನೆಗಲ್ಲ, ಅವನ ಯೋಚನೆಗೆ. ಆ ಮೌನ ಸುಮಾರು 5 ಸೆಕೆಂಡ್ ಇದೆ. ಅದನ್ನು ಕತ್ತರಿಸಬೇಕೆಂದು ಮೂವರು ಹೇಳಿದ್ದರು. ನಾನು ಒಂದು ಫ್ರೇಮನ್ನೂ ತೆಗೆಯಲಿಲ್ಲ.

ವ್ಯಾಪಾರಿ ತನ್ನ ಮಾತನ್ನು ಸಂಪೂರ್ಣವಾಗಿ ನಂಬಿರಬೇಕು ಎಂಬುದೇ ನನ್ನ ವಿಧಾನದ ತಿರುಳು. ಎವೆಲಿನ್ ವಾ ಅವರ ಕಾದಂಬರಿಯನ್ನು ಆಧರಿಸಿ ಟೋನಿ ರಿಚರ್ಡ್‌ಸನ್ 1965ರಲ್ಲಿ ಮಾಡಿದ ‘ದಿ ಲವ್ಡ್ ಒನ್’ ಚಿತ್ರದಲ್ಲಿ, ಪಿಯಾನೊ ವಾದಕ ಲಿಬರಾಚೆ ಶವಪೆಟ್ಟಿಗೆ ಮಾರುವವನಾಗಿ ಸ್ವಲ್ಪ ಹೊತ್ತು ಕಾಣಿಸಿಕೊಳ್ಳುತ್ತಾರೆ. ಅಷ್ಟೆಲ್ಲ ಅತಿರೇಕಗಳಿರುವ ಆ ಚಿತ್ರದಲ್ಲಿ ನನಗೆ ಕೊನೆಯವರೆಗೂ ಉಳಿದದ್ದು ಆ ದೃಶ್ಯದ ನಯ. ನಮ್ಮ ನಟರಿಗೆ ನಾನು ಚಿತ್ರಕಥೆಯನ್ನು ಹಾಸ್ಯವೆಂದು ಹೇಳಲೇ ಇಲ್ಲ. ನೀವು ಈ ಹೆಂಗಸಿಗೆ ಸಹಾಯ ಮಾಡುತ್ತಿದ್ದೀರಿ, ನಿಮ್ಮಷ್ಟು ಅವರ ದುಃಖ ಅರಿತವರು ಈ ಕೋಣೆಯಲ್ಲಿ ಯಾರೂ ಇಲ್ಲ ಎಂದಷ್ಟೇ ಹೇಳಿದೆ. ನಾಲ್ಕನೆಯ ದಿನ ಸಂಜೆ ಅವರು ನನ್ನ ಬಳಿ ಬಂದು, “ಸಾರ್, ಈ ಮನುಷ್ಯ ಒಳ್ಳೆಯವನಲ್ಲವೇ?” ಎಂದು ಕೇಳಿದರು. ಟೇಕ್ ಸರಿಯಾಗಿ ಬರುತ್ತಿದೆಯೆಂದು ನನಗೆ ಆಗಲೇ ಖಾತ್ರಿಯಾಯಿತು. ವಿಧವೆಯ ಪಾತ್ರಕ್ಕೂ ಒಂದು ಕಟ್ಟುಪಾಡು ಇಟ್ಟಿದ್ದೆ. ಆಕೆ ಎಲ್ಲಿಯೂ ಪೆದ್ದಳಂತೆ ಕಾಣಬಾರದು, ಆಕೆಯ ಅಳುವಿನ ಮೇಲೆ ಎಲ್ಲಿಯೂ ನಗು ಬೀಳಬಾರದು.

ಸಂಕಲನದಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಬೇರೆಯವರು ಮಾಡಿದ್ದನ್ನು ನೋಡಿಲ್ಲ. ಪರೀಕ್ಷಾ ಪ್ರದರ್ಶನಗಳಲ್ಲಿ ಕೊನೆಯ ಸಾಲಿನಲ್ಲಿ ರೆಕಾರ್ಡರ್ ಇಟ್ಟು ಪ್ರೇಕ್ಷಕರ ಸದ್ದನ್ನು ಪೂರ್ತಿಯಾಗಿ ಹಿಡಿದು, ಆ ಟ್ರ್ಯಾಕನ್ನು ಸಂಕಲನ ತಂತ್ರಾಂಶದ ಟೈಮ್‌ಲೈನಿನಲ್ಲಿ ಚಿತ್ರದ ಕೆಳಗೆ ಜೋಡಿಸಿದೆ. ಎಲ್ಲಿ ನಗು ಹುಟ್ಟಿತು, ಎಲ್ಲಿ ಮುಂದಿನ ಮಾತನ್ನು ನುಂಗಿತು, ಎಲ್ಲಿ ಜನ ಕುರ್ಚಿಯಲ್ಲಿ ಕದಲಿದರು ಎಂಬುದೆಲ್ಲ ಅಲೆಯ ರೂಪದಲ್ಲಿ ಕಾಣುತ್ತದೆ. ಇಂಥ ನಾಲ್ಕು ಪ್ರದರ್ಶನಗಳಾದ ಮೇಲೆ ಒಂದು ಸಂಗತಿ ಸ್ಪಷ್ಟವಾಯಿತು. ಬೆಲೆಪಟ್ಟಿಯನ್ನು ಪರದೆಯ ಮೇಲೆ ತೋರಿಸಿ ಒಂದೂವರೆ ಸೆಕೆಂಡಿಗೆ, ಅಂದರೆ 36 ಫ್ರೇಮಿನ ಹತ್ತಿರ, ಕತ್ತರಿಸಿದರೆ ಓದಲು ಸಮಯ ಸಾಲದೆ ನಗು ಬರುತ್ತಿರಲಿಲ್ಲ. ನಾಲ್ಕು ಸೆಕೆಂಡ್ ಬಿಟ್ಟರೆ ಓದಿ ಮುಗಿಸಿ ತಣ್ಣಗಾಗುತ್ತಿದ್ದರು. ನಡುವೆ ಎಲ್ಲಿ ಕತ್ತರಿಸಿದೆ ಮತ್ತು ಪಟ್ಟಿಯ ಯಾವ ಸಾಲನ್ನು ಕಣ್ಣು ಮೊದಲು ಹಿಡಿಯುವಂತೆ ಮುದ್ರಿಸಿದೆ ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ಎರಡು ತಿಂಗಳು ಕೊಟ್ಟಿದ್ದೇನೆ, ಮುಂದಿನ ಚಿತ್ರಕ್ಕೂ ಅದು ಬೇಕು.

ನಡುನಡುವೆ ಅಡ್ಡದಾರಿಯ ಪ್ರಯೋಗಗಳೂ ನಡೆದವು. ಕಪ್ಪು ಬಿಳುಪಿಗೆ ಬದಲಿಸಿ ನೋಡಿದಾಗ ಚಿತ್ರ ತಕ್ಷಣ ಗಂಭೀರವಾಯಿತು, ಆದರೆ ಅಂಗಡಿಯ ಹೊಳಪು ಸತ್ತುಹೋಯಿತು. ಸ್ಯಾಟಿನ್ನಿನ ತಿಳಿಗುಲಾಬಿ ಬಣ್ಣ ಈ ಚಿತ್ರದಲ್ಲಿ ಒಂದು ಪಾತ್ರವೇ ಆಗಿದ್ದರಿಂದ ಬಣ್ಣಕ್ಕೆ ಮರಳಿದೆ. ಸಂಗೀತ ನಿರ್ದೇಶಕರು ಹಗುರವಾದ ಹಾಸ್ಯದ ತುಣುಕೊಂದನ್ನು ಮಾಡಿಕೊಟ್ಟಿದ್ದರು, ಅದನ್ನು ಹಾಕಿದ ಪ್ರದರ್ಶನದಲ್ಲಿ ನಗು ಅರ್ಧಕ್ಕಿಳಿಯಿತು. ಇಲ್ಲಿ ನಗಿ ಎಂದು ಸಂಗೀತ ಹೇಳಿದ ಕೂಡಲೇ ಜನರಿಗೆ ತಾವು ಸಾವಿನ ಎದುರು ಕುಳಿತಿರುವುದು ನೆನಪಾಗುತ್ತದೆ. ಕೊನೆಗೆ ಸಂಗೀತವನ್ನೆಲ್ಲ ತೆಗೆದು, ಶೈತ್ಯ ಕೋಣೆಯ ಮೋಟಾರಿನ ಗುಂಯ್ ಶಬ್ದವನ್ನು ಮಾತ್ರ ಉಳಿಸಿದೆ. ಹಣದ ಮಾತು ಬರುವಲ್ಲೆಲ್ಲ ಆ ಶಬ್ದವನ್ನು ಕೇಳಿಯೂ ಕೇಳದಷ್ಟು ತಗ್ಗಿಸಿದ್ದೇನೆ. ಹೆಣವಾಗಿ ಮಲಗಿದ್ದ ನಟರ ಎದೆ 90 ಸೆಕೆಂಡ್‌ಗಳ ಒಂದೇ ಶಾಟ್‌ನಲ್ಲಿ ಅಲ್ಲಾಡದಂತೆ ಮಾಡಿದ ಉಪಾಯವನ್ನು ನನ್ನ ಛಾಯಾಗ್ರಾಹಕರಿಗೂ ತಿಳಿಸಿಲ್ಲ. ಅದರಲ್ಲಿ ಗ್ರಾಫಿಕ್ಸ್ ಇಲ್ಲ ಎಂದಷ್ಟೇ ಹೇಳಬಲ್ಲೆ.

ಅತಿರೇಕದ ಮೋಹವೂ ನನ್ನನ್ನು ಕಾಡದೆ ಬಿಡಲಿಲ್ಲ. ಮೇಲೆ ಹೇಳಿದ 1965ರ ಚಿತ್ರದಲ್ಲಿ ಹೆಣಗಳನ್ನು ಬಾಹ್ಯಾಕಾಶಕ್ಕೆ ಹಾರಿಸುವ ಯೋಜನೆ ಬರುತ್ತದೆ. ಅಂದು ಅದು ಹುಚ್ಚು ಕಲ್ಪನೆಯಾಗಿತ್ತು, ಆದರೆ 1997ರಲ್ಲಿ ಸೆಲೆಸ್ಟಿಸ್ ಎಂಬ ಕಂಪನಿ ಇಪ್ಪತ್ತಕ್ಕೂ ಹೆಚ್ಚು ಜನರ ಚಿತಾಭಸ್ಮದ ಅಂಶವನ್ನು ಹಣ ಪಡೆದು ಕಕ್ಷೆಗೆ ಕಳುಹಿಸಿತು. ಈ ವ್ಯಾಪಾರದಲ್ಲಿ ನಾವು ಎಷ್ಟು ಉತ್ಪ್ರೇಕ್ಷೆ ಮಾಡಿದರೂ ಉದ್ಯಮ ಹಿಂದಿನಿಂದ ಬಂದು ಅದನ್ನು ಸೇವೆಯಾಗಿ ಮಾರುತ್ತದೆ ಎಂಬುದು ನನಗೆ ಖಚಿತವಾದದ್ದರಿಂದ, ಬರೆದಿಟ್ಟಿದ್ದ ಎರಡು ಭಾರಿ ಅತಿರೇಕದ ದೃಶ್ಯಗಳನ್ನು ಕೈಬಿಟ್ಟೆ. ಜುಜೊ ಇತಾಮಿ ಅವರು ತಮ್ಮ ಮಾವನ ಅಂತ್ಯಸಂಸ್ಕಾರದ ಅನುಭವದಿಂದ 1984ರಲ್ಲಿ ಮಾಡಿದ ಜಪಾನಿ ಚಿತ್ರದಲ್ಲಿ, ಶೋಕದಲ್ಲಿರುವ ದಂಪತಿ ಹೇಗೆ ನಡೆದುಕೊಳ್ಳಬೇಕೆಂದು ವಿಡಿಯೊ ಕ್ಯಾಸೆಟ್ ಹಾಕಿಕೊಂಡು ಕಲಿಯುತ್ತಾರೆ. ಅದು ಎಲ್ಲಿಯೂ ಕೂಗುವುದಿಲ್ಲ, ಆದರೂ ರಾಕೆಟ್ಟಿಗಿಂತ ಆಳಕ್ಕೆ ತಾಗುತ್ತದೆ.

ಖರ್ಚಿನ ವಿಚಾರವನ್ನೂ ನೆನಪಿದ್ದಷ್ಟು ಹೇಳಿಬಿಡುತ್ತೇನೆ. ಒಟ್ಟು ವೆಚ್ಚದಲ್ಲಿ ಮೂರನೇ ಒಂದು ಪಾಲು ಶವಪೆಟ್ಟಿಗೆಗಳಿಗೇ ಹೋಯಿತು. ಮೊದಲು ಬಾಡಿಗೆಗೆ ತಂದ ಪೆಟ್ಟಿಗೆಯನ್ನು ಎರಡು ದಿನಕ್ಕೆಂದು ಹೇಳಿ ಐದು ದಿನ ಇಟ್ಟುಕೊಳ್ಳಬೇಕಾಯಿತು, ಆ ಬಾಡಿಗೆಯಲ್ಲಿ ಒಂದನ್ನು ಕೊಂಡುಕೊಳ್ಳಬಹುದಿತ್ತು. ಆಮೇಲೆ ಬಡಗಿಯಿಂದ ಪ್ಲೈವುಡ್ಡಿನಲ್ಲಿ ಎಂಟು ಮಾಡಿಸಿದೆ. ಅದರಲ್ಲಿ ಎರಡರ ತಳ ಮೊದಲ ದಿನವೇ ಬಿರುಕುಬಿಟ್ಟಿತು. ಉಳಿದ ಆರನ್ನೇ ಬೇರೆ ಬೇರೆ ಹಿಡಿಕೆ, ಬೇರೆ ಬೇರೆ ಬಟ್ಟೆ ಹಾಕಿ ಹದಿನಾಲ್ಕರಂತೆ ತೋರಿಸಿದ್ದೇವೆ. ಹಿಡಿಕೆಗಳನ್ನು ಪೀಠೋಪಕರಣದ ಮಳಿಗೆಯವರು ಬಿಟ್ಟುಹೋಗಿದ್ದ ಡಬ್ಬದಿಂದಲೇ ಆರಿಸಿದ್ದು. ಒಂದೇ ಶವಪೆಟ್ಟಿಗೆಯನ್ನು ಮತ್ತೆ ಮತ್ತೆ ಬಳಸುವ ಶವಸಂಸ್ಕಾರಗಾರನ ಹಾಸ್ಯವನ್ನು 1963ರ ‘ದಿ ಕಾಮೆಡಿ ಆಫ್ ಟೆರರ್ಸ್’ ಚಿತ್ರದಲ್ಲಿ ವಿನ್ಸೆಂಟ್ ಪ್ರೈಸ್ ಅಭಿನಯಿಸಿದ್ದನ್ನು ನೋಡಿದವರಿಗೆ ನಮ್ಮ ಲೆಕ್ಕ ಅರ್ಥವಾದೀತು. ಬೆಳಕಿಗೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಅಂಗಡಿಯ ಬೆಳಕು ಕಳಪೆಯಾದರೆ ಇಡೀ ಕಟ್ಟಡವೇ ಕುಸಿಯುತ್ತದೆ.

ಚಿತ್ರ ಗೆದ್ದ ಮೇಲೆ, ಮೊದಲು ಹಿಂಜರಿದಿದ್ದ ನಿರ್ಮಾಪಕರೊಬ್ಬರು ಇದನ್ನೇ ಪೂರ್ಣ ಚಿತ್ರವಾಗಿಸಲು ಕೇಳಿದ್ದಾರೆ. 17 ನಿಮಿಷ ನಿಂತ ಬೆಲೆಪಟ್ಟಿ 100 ನಿಮಿಷ ನಿಲ್ಲುವುದಿಲ್ಲ, ಅದನ್ನು ನಾನು ಬರೆದು ನೋಡಿದ್ದೇನೆ. 40ನೆಯ ನಿಮಿಷದ ಹೊತ್ತಿಗೆ ವಿಧವೆ ಪೆಟ್ಟಿಗೆಯನ್ನು ಆರಿಸಿಬಿಡುತ್ತಾಳೆ, ಅಲ್ಲಿಂದ ಮುಂದೆ ಕೋಣೆಯಲ್ಲಿ ನಡೆಯಲು ದಾರಿ ಉಳಿಯುವುದಿಲ್ಲ. ಈಗ ಅಂತಿಮ ಬಿಲ್ಲನ್ನು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಒಂದೊಂದು ಹೊಸ ಸಾಲಿನೊಂದಿಗೆ ಮರಳಿ ತರುವ ಕರಡು ಬರೆಯುತ್ತಿದ್ದೇನೆ. ಏಳನೆಯ ಸಾಲಿನವರೆಗೆ ಬಂದಿದ್ದೇನೆ, ಎಂಟನೆಯದು ಇನ್ನೂ ಸಿಕ್ಕಿಲ್ಲ.